ಇರುಳಿಗೆ ಡಯಾಪರು, ಹಗಲಿಗೆ ಗಡಿಯಾರ

ನಮ್ಮ ತಾಯಿಯವರು ಪಾರ್ಶ್ವವಾಯುವಿಗೆ ಈಡಾಗಿ, ಆಸ್ಪತ್ರೆಯಲ್ಲಿ ಹದಿನೆಂಟು ದಿನಗಳನ್ನು ಕಳೆದು ಮನೆಗೆ ಮರಳಿದಾಗ, ಅವರೊಡನೆ ಬಂದ ಔಷಧಗಳ ಚೀಲದಲ್ಲಿ ಹತ್ತು ಡಯಾಪರುಗಳ ಒಂದು ಪೊಟ್ಟಣವೂ ಇದ್ದಿತು. ಅದು ಎರಡೂವರೆ ದಿನಕ್ಕೆ ಮುಗಿಯಿತು. ಬೀದಿಯ ತಿರುವಿನಲ್ಲಿದ್ದ ಔಷಧದಂಗಡಿಯಿಂದ ಇನ್ನೊಂದನ್ನು ತಂದೆವು, ಅದೂ ಮುಗಿಯಿತು. ಹೀಗೆ ತರುತ್ತ ತರುತ್ತ ತಿಂಗಳ ಕೊನೆಗೆ ಅಂಗಡಿಯವರ ಲೆಕ್ಕವನ್ನು ಕೂಡಿ ನೋಡಿದರೆ, ಒಂದಕ್ಕೆ 40 ರೂಪಾಯಿಯಂತೆ ದಿನಕ್ಕೆ ನಾಲ್ಕು, ತಿಂಗಳಿಗೆ 4,800 ರೂಪಾಯಿಗಳಾಗಿದ್ದವು. ಮಾತ್ರೆಗಳ ವೆಚ್ಚ, ವ್ಯಾಯಾಮ ಮಾಡಿಸಲು ಬರುವವರ ಸಂಬಳ, ಮನೆಯ ಬಾಡಿಗೆ ಇವೆಲ್ಲದರ ನಡುವೆ ಆ ಮೊತ್ತವು ನಮ್ಮಂಥ ಸಂಸಾರಕ್ಕೆ ಸಣ್ಣದಲ್ಲ; ಸಂಧ್ಯಾ ಸುರಕ್ಷಾ ಯೋಜನೆಯ 1,200 ರೂಪಾಯಿಗಳನ್ನೇ ನೆಚ್ಚಿರುವ ವೃದ್ಧರೊಬ್ಬರಿಗಂತೂ ಆ ಇಡೀ ತಿಂಗಳಿನ ವೇತನ ಈ ಒಂದು ವಸ್ತುವಿಗೇ ಎಂಟು ದಿನಕ್ಕೂ ಸಾಲದು.

ಮುಂದಿನ ಮೂರು ವರ್ಷಗಳಲ್ಲಿ ನಾನೂ ನನ್ನ ಹೆಂಡತಿಯೂ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾವು ಕಲಿತದ್ದರಲ್ಲಿ ಮುಖ್ಯವಾದುದು ಒಂದೇ: ಈ ವೆಚ್ಚವನ್ನು ಇಳಿಸುವ ದಾರಿ, ಒದ್ದೆಯಾದುದನ್ನು ಇನ್ನೂ ಸ್ವಲ್ಪ ಹೊತ್ತು ತೊಡಿಸಿಡುವುದೂ ಅಲ್ಲ, ಅಗ್ಗದ ಮಾಲನ್ನು ಹುಡುಕಿ ಅಲೆಯುವುದೂ ಅಲ್ಲ, ದಿನದ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಡಯಾಪರು ನಿಜವಾಗಿ ಬೇಕಾದ ಗಂಟೆಗಳು ಯಾವುವು, ಬಟ್ಟೆಯೋ ಕಮೋಡ್ ಕುರ್ಚಿಯೋ ಸಾಕಾಗುವ ಗಂಟೆಗಳು ಯಾವುವು ಎಂಬುದನ್ನು ಕಂಡುಕೊಂಡು, ಬೇಕಾದ ಹೊತ್ತಿಗೆ ಒಳ್ಳೆಯದನ್ನೇ ಕೊಂಡು, ಬೇಡವಾದ ಹೊತ್ತಿನಲ್ಲಿ ಅದನ್ನು ಬಿಟ್ಟುಬಿಡುವುದು. ನಮ್ಮ ಮನೆಯಲ್ಲಿ ಅದು ಕಡೆಗೆ ಇರುಳಿಗೊಂದು ಡಯಾಪರು, ಹಗಲಿಗೆ ಗಡಿಯಾರ ಎಂಬಲ್ಲಿಗೆ ಬಂದು ನಿಂತಿತು.

ಆದರೆ ಇವೆಲ್ಲಕ್ಕಿಂತ ಮೊದಲು ವೈದ್ಯರ ಬಳಿಗೆ ಹೋಗತಕ್ಕದ್ದು. ವಯಸ್ಸಾಯಿತು, ಇನ್ನು ಇದು ಹೀಗೆಯೇ ಎಂದು ಮನೆಯವರೂ ರೋಗಿಯೂ ತಾವೇ ತೀರ್ಮಾನಿಸಿಕೊಂಡು ವರ್ಷಗಟ್ಟಲೆ ಪೊಟ್ಟಣಗಳನ್ನು ಕೊಳ್ಳುವುದುಂಟು. ಹತೋಟಿ ತಪ್ಪುವುದಕ್ಕೆ ಕಾರಣಗಳು ಹಲವು, ಅವುಗಳಲ್ಲಿ ಕೆಲವು ವಾಸಿಯಾಗತಕ್ಕವು. ಮೂತ್ರನಾಳದ ಸೋಂಕು, ಹಿಡಿತ ಮೀರಿದ ಸಕ್ಕರೆ ಕಾಯಿಲೆ, ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿಯ ಊತ, ನಾಲ್ಕಾರು ದಿನಗಳಿಂದ ಕಟ್ಟಿಕೊಂಡು ಕುಳಿತ ಮಲಬದ್ಧತೆ, ರಕ್ತದೊತ್ತಡಕ್ಕೋ ಕಾಲಿನ ಬಾವಿಗೋ ಕೊಟ್ಟ ‘ನೀರಿನ ಮಾತ್ರೆ’, ಮಂಪರು ತರಿಸುವ ನಿದ್ರೆಯ ಮಾತ್ರೆ, ಇವುಗಳಲ್ಲಿ ಯಾವುದಾದರೂ ಒಂದು ಮೂಲವಾಗಿದ್ದರೆ, ಒಂದು ಮೂತ್ರಪರೀಕ್ಷೆಯೋ ಮಾತ್ರೆ ಕೊಡುವ ಹೊತ್ತಿನ ಬದಲಾವಣೆಯೋ ತಿಂಗಳ ಡಯಾಪರುಗಳ ಲೆಕ್ಕವನ್ನೇ ತಲೆಕೆಳಗು ಮಾಡಬಲ್ಲದು. ಮಾತ್ರೆಯನ್ನು ಮಾತ್ರ ನಾವಾಗಿಯೇ ನಿಲ್ಲಿಸಬಾರದು. ಪಾರ್ಶ್ವವಾಯುವಿನ ತರುವಾಯ ತಪ್ಪಿದ ಹಿಡಿತವು ಎಷ್ಟೋ ಜನರಲ್ಲಿ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಬಹುಮಟ್ಟಿಗೆ ಮರಳುತ್ತದೆ. ಹಾಗೆ ಮರಳುವುದಕ್ಕೆ ಅವಕಾಶವನ್ನೇ ಕೊಡದೆ ಹಗಲೂ ಇರುಳೂ ಡಯಾಪರು ಕಟ್ಟಿಟ್ಟರೆ, ಬರಬಹುದಾದ ಶಕ್ತಿಯೂ ಬಾರದೆ ಹೋದೀತು. ಜ್ವರ, ಮೂತ್ರದಲ್ಲಿ ರಕ್ತ, ಇದ್ದಕ್ಕಿದ್ದಂತೆ ಮಾತು ತೊದಲಿ ಗುರುತು ತಪ್ಪುವುದು, ಕಿಬ್ಬೊಟ್ಟೆ ಉಬ್ಬಿ ಹನಿ ಹನಿಯಾಗಿ ಮಾತ್ರ ಮೂತ್ರ ಬರುವುದು, ಇವು ಕಂಡರೆ ಕ್ಷಣವೂ ತಡಮಾಡದೆ ತೋರಿಸಬೇಕು.

ನಮ್ಮ ವೈದ್ಯರು ಹೇಳಿದ ಮೊದಲ ಕೆಲಸ ಮೂರು ದಿನಗಳ ದಾಖಲೆ. ಕ್ಯಾಲೆಂಡರಿನ ಹಳೆಯ ಹಾಳೆಯೊಂದನ್ನು ಹರಿದು, ಹಿಂಬದಿಯಲ್ಲಿ ಗಂಟೆಗಳನ್ನು ಬರೆದು, ಕುಡಿದದ್ದು ಎಷ್ಟು, ಒದ್ದೆಯಾದದ್ದು ಯಾವಾಗ, ಸ್ವಲ್ಪವೋ ಬಹಳವೋ, ಮಲವಿಸರ್ಜನೆ ಎಷ್ಟು ಹೊತ್ತಿಗೆ ಎಂದು ಗುರುತು ಹಾಕುತ್ತ ಹೋದೆವು. ಅಡುಗೆಮನೆಯ ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿಗೆ ಪ್ಲಾಸ್ಟಿಕ್ ಚೀಲವೊಂದನ್ನು ಹೊದಿಸಿ, ಒಣ ಡಯಾಪರಿನ ತೂಕವನ್ನೂ ತೆಗೆದುಹಾಕಿದ ಡಯಾಪರಿನ ತೂಕವನ್ನೂ ಬರೆದಿಟ್ಟೆವು. ಹೆಚ್ಚಾದ ಒಂದೊಂದು ಗ್ರಾಮೂ ಸುಮಾರು ಒಂದೊಂದು ಮಿಲಿಲೀಟರ್ ಮೂತ್ರವೆಂದು ತಿಳಿಯಬಹುದು. ಆ ಹಾಳೆಯು ನಮಗೆ ತಿಳಿಸಿದ ಸಂಗತಿ ಅಚ್ಚರಿಯದು. ನಾವು ಹಗಲಿನಲ್ಲಿ ಬದಲಿಸುತ್ತಿದ್ದ ಮೂರು ಡಯಾಪರುಗಳಲ್ಲಿ ಎರಡರಲ್ಲಿ ನೂರು ಮಿಲಿಲೀಟರಿನಷ್ಟೂ ಇರುತ್ತಿರಲಿಲ್ಲ. ಐನೂರನ್ನು ಮೀರಿದ ಭಾರವೆಲ್ಲ ರಾತ್ರಿಯದರಲ್ಲಿ. ಎಂದರೆ ನಾವು ಹಗಲಿನಲ್ಲಿ ಕೊಳ್ಳುತ್ತಿದ್ದುದು ಹೀರುವ ಶಕ್ತಿಯನ್ನಲ್ಲ, ನಮ್ಮ ಅಂಜಿಕೆಗೊಂದು ಸಮಾಧಾನವನ್ನು.

ಅಂದಿನಿಂದ ಗಡಿಯಾರವನ್ನು ಹಿಡಿದೆವು. ಬೆಳಗ್ಗೆ ಎದ್ದ ಕೂಡಲೇ ಒಮ್ಮೆ, ಕಾಫಿ ತಿಂಡಿಗಳಾದ ಮೇಲೆ ಒಮ್ಮೆ (ಹೊಟ್ಟೆಗೆ ಬಿಸಿಯಾದುದು ಬಿದ್ದ ಅರ್ಧ ಗಂಟೆಯೊಳಗೆ ಕರುಳು ತಾನಾಗಿ ಚಲಿಸುವುದು ದೇಹದ ಧರ್ಮವಾದುದರಿಂದ, ಮಲವಿಸರ್ಜನೆಗೂ ಅದೇ ಪ್ರಶಸ್ತವಾದ ಕಾಲ), ತರುವಾಯ ಎರಡೆರಡು ಗಂಟೆಗೊಮ್ಮೆ, ಮಲಗುವ ಮುನ್ನ ಒಮ್ಮೆ, “ಅಮ್ಮಾ, ಒಂದು ಸಲ ಕೂತು ಬಂದುಬಿಡೋಣ ಬಾ” ಎಂದು ಕರೆದು ಕಮೋಡ್ ಕುರ್ಚಿಯಲ್ಲಿ ಕೂರಿಸುವುದು. “ಬರುತ್ತಾ?” ಎಂದು ಕೇಳಿದರೆ “ಇಲ್ಲ” ಎಂಬ ಉತ್ತರವೇ ಸಿದ್ಧವಾಗಿರುತ್ತಿತ್ತು, ಕೂತು ಬರೋಣ ಎಂದರೆ ಏಳುತ್ತಿದ್ದರು. ಬಂದರೆ ಸಂತೋಷ, ಬಾರದಿದ್ದರೆ ಒಂದು ಮಾತೂ ಆಡದೆ ಮರಳಿ ಕರೆತರುವುದು. ಮೊದಲ ವಾರ ನಿಷ್ಫಲವೆಂದೇ ತೋರಿತು. ಮೂರನೆಯ ವಾರಕ್ಕೆ ಹಗಲೆಲ್ಲ ಒಣಗಿದ್ದ ದಿನಗಳು ಬರತೊಡಗಿದವು. ಎಲ್ಲರ ಮನೆಯಲ್ಲಿಯೂ ಹೀಗಾಗುತ್ತದೆಂದು ನಾನು ಹೇಳಲಾರೆ, ಮರೆವಿನ ಕಾಯಿಲೆ ಬಲಿತವರಲ್ಲಿ ಇದು ಅರ್ಧಂಬರ್ಧ ಫಲಿಸೀತು. ಆದರೆ ದಿನಕ್ಕೆ ಒಂದು ಡಯಾಪರು ಉಳಿದರೂ ತಿಂಗಳಿಗೆ 1,200 ರೂಪಾಯಿ ಉಳಿದಂತೆ. ಇದಕ್ಕೆ ತಗಲುವುದು ಹಣವಲ್ಲ, ಆಳಿನ ಹೊತ್ತು. ಮನೆಯವರೆಲ್ಲ ಕೆಲಸಕ್ಕೆ ಹೋಗುವ ಮನೆಗಳಲ್ಲಿ ಅದು ಹಣಕ್ಕಿಂತಲೂ ದುಬಾರಿ ಎಂಬುದನ್ನು ಬಲ್ಲೆ. ಅಂಥವರು ಸಂಜೆ ಆರರಿಂದ ಹತ್ತರವರೆಗಾದರೂ ನಡೆಸಬಹುದು.

ನಾವು ಮಾಡಿದ ಒಂದು ತಪ್ಪನ್ನು ಇಲ್ಲಿ ಹೇಳಿಬಿಡಬೇಕು. ಲೆಕ್ಕವನ್ನೆಲ್ಲ ನಾವು ನಡುಮನೆಯಲ್ಲಿ ಕುಳಿತು ಗಟ್ಟಿಯಾಗಿ ಆಡಿಕೊಳ್ಳುತ್ತಿದ್ದೆವು. ತಾಯಿಯವರ ಮಂಚ ಇದ್ದದ್ದು ಪಕ್ಕದ ಕೋಣೆಯಲ್ಲಿ, ನಡುವೆ ಒಂದು ಪರದೆ ಮಾತ್ರ. ಒಂದು ವಾರದಿಂದ ಅವರ ತಲೆದೆಸೆಯ ತಂಬಿಗೆಯ ನೀರು ಇಟ್ಟಂತೆಯೇ ಇರುವುದನ್ನು ನನ್ನ ಹೆಂಡತಿ ಗಮನಿಸಿ, “ಯಾಕಮ್ಮ, ನೀರು ಕುಡಿದೇ ಇಲ್ಲವಲ್ಲ ನೀವು?” ಎಂದು ಕೇಳಿದಾಗ, ಅವರು ಗೋಡೆಯ ಕಡೆಗೆ ಮುಖ ತಿರುಗಿಸಿ, “ಕುಡಿದರಲ್ಲವೇನಮ್ಮ ಅದು ಖರ್ಚಾಗೋದು?” ಎಂದರು. ಮಾರನೆಯ ದಿನವೇ ಚಳಿಜ್ವರ, ಉರಿಮೂತ್ರ. ಆಸ್ಪತ್ರೆಯಲ್ಲಿ ನಾಲ್ಕು ದಿನ. ಅಲ್ಲಿ ತೆತ್ತ ಹಣ ಮೂರು ತಿಂಗಳ ಡಯಾಪರುಗಳಿಗೆ ಆಗುತ್ತಿತ್ತು. ಅದರ ವ್ಯಥೆಗಿಂತ ಆ ಮಾತಿನ ವ್ಯಥೆ ದೊಡ್ಡದು, ಈಗಲೂ ಇದೆ. ಬೆಲೆಯ ಮಾತು ರೋಗಿಯ ಕಿವಿಗೆ ಬೀಳಕೂಡದು. ನೀರನ್ನು ಕಡಿಮೆ ಮಾಡುವುದರಿಂದ ಮೂತ್ರವು ಗಾಢವಾಗಿ, ಮೂತ್ರಕೋಶವನ್ನು ಕೆರಳಿಸಿ, ಅವಸರವನ್ನು ಹೆಚ್ಚಿಸುತ್ತದೆ. ಸೋಂಕಿಗೂ ಮಲಬದ್ಧತೆಗೂ ಎಡೆಮಾಡುತ್ತದೆ. ವೈದ್ಯರು ಹೃದಯಕ್ಕೋ ಮೂತ್ರಪಿಂಡಕ್ಕೋ ಸಂಬಂಧಿಸಿ ಮಿತಿ ಹಾಕಿದ್ದರೆ ಅದು ಬೇರೆ. ಉಳಿದವರು ನೀರಿನ ಬಹುಭಾಗವನ್ನು ಸಂಜೆಯೊಳಗೆ ಕುಡಿದು, ಕತ್ತಲಾದ ಮೇಲೆ ಕಾಫಿ ಚಹಾಗಳನ್ನು ಬಿಟ್ಟು, ಕಾಲು ಬಾಯುವವರು ಮಧ್ಯಾಹ್ನದ ಮೇಲೆ ಒಂದೆರಡು ಗಂಟೆ ಕಾಲುಗಳನ್ನು ದಿಂಬಿನ ಮೇಲೆ ಎತ್ತಿಟ್ಟು ಮಲಗಿದರೆ, ರಾತ್ರಿಯ ಪಾಲು ತಕ್ಕಮಟ್ಟಿಗೆ ತಗ್ಗುತ್ತದೆ.

ಕೆಮ್ಮಿದಾಗ, ಸೀನಿದಾಗ, ಕೊಡ ಎತ್ತಿದಾಗ ನಾಲ್ಕು ಹನಿ ಜಾರುವ, ಉಳಿದಂತೆ ಓಡಾಡಿಕೊಂಡಿರುವ ಹೆಂಗಸರು ಬಹಳ. ಅವರಿಗೆ ಡಯಾಪರಿನ ಅಗತ್ಯವೇ ಇಲ್ಲದಿರಬಹುದು. ಕಿಬ್ಬೊಟ್ಟೆಯ ತಳದ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮವನ್ನು ಅಮೆರಿಕದ ಸ್ತ್ರೀರೋಗವೈದ್ಯ ಆರ್ನಾಲ್ಡ್ ಕೆಗೆಲ್ ಎಂಬವರು 1948ರಲ್ಲಿ ವಿವರಿಸಿದರು. ಅವರ ಹೆಸರಿನಿಂದಲೇ ಅದು ಇಂದಿಗೂ ಪ್ರಸಿದ್ಧ. ವಾಯುವನ್ನು ತಡೆಹಿಡಿಯುವಾಗ ಯಾವ ಸ್ನಾಯು ಬಿಗಿಯುತ್ತದೆಯೋ ಅದನ್ನು ಐದಾರು ಎಣಿಸುವಷ್ಟು ಹೊತ್ತು ಒಳಕ್ಕೆ ಸೆಳೆದು, ಅಷ್ಟೇ ಹೊತ್ತು ಸಡಿಲಬಿಟ್ಟು, ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಉಸಿರು ಕಟ್ಟಬಾರದು, ಹೊಟ್ಟೆ ತೊಡೆಗಳನ್ನು ಬಿಗಿಯಬಾರದು. ಫಲ ಕಾಣಲು ಎರಡು ಮೂರು ತಿಂಗಳು ಬೇಕು. ಕಾಸಿನ ಖರ್ಚಿಲ್ಲದ ಚಿಕಿತ್ಸೆ ಇದು.

ಇನ್ನು ಕೊಳ್ಳುವ ವಿಚಾರ. ಡಯಾಪರುಗಳಲ್ಲಿ ಎರಡು ಬಗೆ: ಇಕ್ಕೆಲದಲ್ಲಿ ಅಂಟುಪಟ್ಟಿಯಿರುವ ಟೇಪಿನದು, ಚಡ್ಡಿಯಂತೆ ಏರಿಸುವ ಪ್ಯಾಂಟಿನದು. ಮಲಗಿಯೇ ಇರುವವರಿಗೆ ಟೇಪಿನದೇ ಅನುಕೂಲ, ಸಾಮಾನ್ಯವಾಗಿ ಬೆಲೆಯೂ ಕಡಿಮೆ. ನಡೆದಾಡುವವರಿಗೆ, ತಾವೇ ಇಳಿಸಿ ಏರಿಸಿಕೊಳ್ಳಬಲ್ಲವರಿಗೆ ಪ್ಯಾಂಟಿನದು. ಅಳತೆಯನ್ನು ಕಣ್ಣಂದಾಜಿನಿಂದ ಹೇಳದೆ, ಸೊಂಟ ಮತ್ತು ಪೃಷ್ಠ ಎರಡನ್ನೂ ಟೇಪಿನಿಂದ ಅಳೆದು, ಹೆಚ್ಚಿನದನ್ನು ಹಿಡಿದು, ಪೊಟ್ಟಣದ ಮೇಲಿನ ಪಟ್ಟಿಯೊಡನೆ ತಾಳೆ ನೋಡಬೇಕು. ಒಂದು ಕಂಪನಿಯ ಮೀಡಿಯಂ ಇನ್ನೊಂದರ ಲಾರ್ಜ್ ಆಗಿರುವುದುಂಟು. ದೊಡ್ಡದಾದಷ್ಟೂ ಹೆಚ್ಚು ಹಿಡಿಯುತ್ತದೆಂಬ ಭಾವನೆ ತಪ್ಪು: ತೊಡೆಯ ಸಂದಿನಲ್ಲಿ ಅಂತರ ಉಳಿದರೆ, ಹೀರುವ ಮೊದಲೇ ಸೋರಿಹೋಗುತ್ತದೆ. ಬೆಲೆಯನ್ನು ಪೊಟ್ಟಣದ ಮೇಲೆ ನೋಡದೆ ಒಂದರ ಲೆಕ್ಕಕ್ಕೆ ಭಾಗಿಸಿ ನೋಡಬೇಕು. ಬೀದಿಯ ಔಷಧದಂಗಡಿಗಿಂತ, ದೊಡ್ಡ ಸರ್ಕಾರಿ ಆಸ್ಪತ್ರೆಗಳ ಎದುರಿನ ಸರ್ಜಿಕಲ್ ಅಂಗಡಿಗಳಲ್ಲಿ ಡಬ್ಬದ ಲೆಕ್ಕದಲ್ಲಿ ಕೊಂಡರೆ ಮುದ್ರಿತ ಬೆಲೆಗಿಂತ ಎಷ್ಟೋ ತಗ್ಗಿಸಿ ಕೊಡುತ್ತಾರೆ; ಕೇಳಬೇಕು, ಅಷ್ಟೆ. ಜನೌಷಧಿ ಕೇಂದ್ರಗಳಿಗಾಗಿ ‘ಸ್ವಾಭಿಮಾನ್’ ಎಂಬ ಹೆಸರಿನ ವಯಸ್ಕರ ಡಯಾಪರು ಬಂದಿದೆ. ಹತ್ತಿರದ ಕೇಂದ್ರದಲ್ಲಿ ದಾಸ್ತಾನು ಇದೆಯೇ, ಇಲ್ಲದಿದ್ದರೆ ತರಿಸಿಕೊಡುವರೇ ಎಂದು ವಿಚಾರಿಸಬಹುದು. 2025ರ ಸೆಪ್ಟೆಂಬರ್ 22ರಿಂದ ಡಯಾಪರುಗಳ ಮೇಲಿನ ಜಿಎಸ್‌ಟಿ ಶೇಕಡ 12ರಿಂದ 5ಕ್ಕೆ ಇಳಿದಿರುವುದರಿಂದ, ಅದಕ್ಕೆ ಮುಂಚೆ ಮುದ್ರಿತವಾದ ಬೆಲೆಯನ್ನೇ ಪೂರ್ತಿಯಾಗಿ ತೆರಬೇಕಾಗಿಲ್ಲವೆಂಬುದನ್ನೂ ನೆನಪಿಟ್ಟಿರಬೇಕು. ಯಾವುದೇ ಹೊಸ ಮಾಲನ್ನು ಮೊದಲು ಒಂದು ಪೊಟ್ಟಣ ಮಾತ್ರ ಕೊಂಡು, ದೇಹಕ್ಕೆ ಒಗ್ಗಿದ ಮೇಲೆ ಡಬ್ಬವನ್ನು ತರಿಸತಕ್ಕದ್ದು.

ರಾತ್ರಿಗೆ ಯಾವುದು ಒಳ್ಳೆಯದೆಂದು ತಿಳಿಯಲು ನಾವು ಮನೆಯಲ್ಲಿಯೇ ಒಂದು ಪರೀಕ್ಷೆ ಮಾಡಿದೆವು. ಡಯಾಪರಿನೊಳಗೆ ಹತ್ತಿಯಂಥ ನಾರಿನ ನಡುವೆ ಸಕ್ಕರೆಯ ಹರಳಿನಂಥ ಪುಡಿಯೊಂದಿರುತ್ತದೆ. ತನ್ನ ತೂಕಕ್ಕಿಂತ ಎಷ್ಟೋ ಪಾಲು ಹೆಚ್ಚು ನೀರನ್ನು ಹೀರಿ ಲೋಳೆಯಾಗುವ ಗುಣ ಅದರದು. ಉಪ್ಪಿನಂಶವಿದ್ದರೆ ಆ ಪುಡಿಯ ಹೀರುವ ಶಕ್ತಿ ಬಹಳ ತಗ್ಗುವುದರಿಂದ, ಬರಿಯ ನೀರಿನಿಂದ ಪರೀಕ್ಷಿಸಿದರೆ ಮೋಸಹೋಗುತ್ತೇವೆ. ಕಾಲು ಲೀಟರು ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚಕ್ಕಿಂತ ಸ್ವಲ್ಪ ಕಡಿಮೆ ಉಪ್ಪು ಕದಡಿ, ಸ್ಟೀಲ್ ಲೋಟದಿಂದ ಒಂದೇ ಕಡೆಗೆ ಸುರಿದು, ಐದು ನಿಮಿಷ ಬಿಟ್ಟು, ನಾಲ್ಕು ಮಡಿಕೆಯ ಒಣ ಬಿಳಿಯ ಬಟ್ಟೆಯನ್ನು ಅದರ ಮೇಲಿಟ್ಟು, ಬಟ್ಟೆಯ ಮೇಲೊಂದು ದಪ್ಪ ನಿಘಂಟನ್ನು ಹೇರಿದೆವು. ಅಗ್ಗದ ಒಂದರಲ್ಲಿ ಬಟ್ಟೆಯ ನಾಲ್ಕು ಮಡಿಕೆಗಳೂ ನೆನೆದಿದ್ದವು. 12 ರೂಪಾಯಿ ಹೆಚ್ಚಿನದರಲ್ಲಿ ಮೊದಲನೆಯ ಮಡಿಕೆ ತಂಪಾಗಿತ್ತು, ಅಷ್ಟೆ. ಇನ್ನೊಂದು ಕಾಲು ಲೀಟರು ಸುರಿದೆವು; ಅಗ್ಗದ್ದು ಅಂಚಿನಲ್ಲಿ ಜಿನುಗಿತು, ಮತ್ತೊಂದು ತಡೆದುಕೊಂಡಿತು. ರಾತ್ರಿಯಲ್ಲಿ ಅಗ್ಗದ್ದನ್ನು ಎರಡು ಸಲ ಬದಲಿಸಿ, ಹಾಸಿಗೆಬಟ್ಟೆ ಒಗೆದು, ಎಲ್ಲರ ನಿದ್ದೆ ಕೆಡಿಸಿಕೊಳ್ಳುವುದಕ್ಕಿಂತ ಒಳ್ಳೆಯದೊಂದನ್ನು ಕೊಳ್ಳುವುದೇ ಲಾಭವೆಂದು ಅಂದು ಕಣ್ಣಾರೆ ಕಂಡೆವು. ಒಂದರ ಮೇಲೊಂದು ಎರಡು ಡಯಾಪರು ತೊಡಿಸುವವರನ್ನು ಕಂಡಿದ್ದೇನೆ. ಒಳಗಿನದರ ಬೆನ್ನಿಗೆ ಪ್ಲಾಸ್ಟಿಕ್ ಪದರವಿರುವುದರಿಂದ ಹೊರಗಿನದಕ್ಕೆ ಏನೂ ದಾಟದು, ಹಣವೂ ಹೋಗುತ್ತದೆ, ಸೆಕೆಯೂ ಹೆಚ್ಚುತ್ತದೆ. ಮುಟ್ಟಿನ ಪ್ಯಾಡುಗಳನ್ನು ಒಳಗಿಡುವುದೂ ಅದೇ ಕಾರಣದಿಂದ ವ್ಯರ್ಥ.

ತೊಡಿಸುವ ಕ್ರಮ ತಪ್ಪಿದರೆ ಎಂಥ ಒಳ್ಳೆಯದೂ ಸೋರುತ್ತದೆ. ಡಯಾಪರನ್ನು ಉದ್ದಕ್ಕೆ ದೋಣಿಯಂತೆ ಮಡಿಸಿ, ಒಳಗಿನ ನೆರಿಗೆಯಂಚುಗಳು ನೆಟ್ಟಗೆ ನಿಲ್ಲುವಂತೆ ಮಾಡಿ, ರೋಗಿಯನ್ನು ಮಗ್ಗುಲಿಗೆ ಹೊರಳಿಸಿ ಕೆಳಗೆ ಸೇರಿಸಿ, ಮುಂದಕ್ಕೆ ಎಳೆದುಕೊಂಡ ಮೇಲೆ ತೊಡೆಯ ಸಂದಿನಲ್ಲಿ ಬೆರಳಾಡಿಸಿ ನೆರಿಗೆಗಳನ್ನು ಹೊರಕ್ಕೆ ಬಿಡಿಸಬೇಕು. ಕೆಳಗಿನ ಪಟ್ಟಿಗಳನ್ನು ಮೇಲ್ಮುಖವಾಗಿಯೂ ಮೇಲಿನವನ್ನು ತುಸು ಕೆಳಮುಖವಾಗಿಯೂ ಅಂಟಿಸಬೇಕು. ಗಂಡಸರಲ್ಲಿ ಶಿಶ್ನವು ಕೆಳಮುಖವಾಗಿರುವಂತೆ ನೋಡಿಕೊಳ್ಳದಿದ್ದರೆ ಸೊಂಟದ ಮೇಲಿನಿಂದ ಹೊರಬಂದು, ಬೆಳಗಾಗುವಷ್ಟರಲ್ಲಿ ಹೊಟ್ಟೆಯ ಮೇಲಿನ ಅಂಗಿ ಒದ್ದೆಯಾಗಿರುತ್ತದೆ.

ಹಗಲಿಗೆ ಬಟ್ಟೆ. ನಮ್ಮ ಟ್ರಂಕಿನಲ್ಲಿ ತಂದೆಯವರ ಹಳೆಯ ಪಂಚೆಗಳು ಒಂಬತ್ತಿದ್ದವು, ಹತ್ತಾರು ವರ್ಷ ಒಗೆದು ಒಗೆದು ಮೃದುವಾದ ನೂಲಿನವು. ಒಂದು ಪಂಚೆಯನ್ನು ಮೂರಾಗಿ ಹರಿದು, ಪ್ರತಿಯೊಂದನ್ನೂ ಆರು ಮಡಿಕೆ ಮಾಡಿ, ನಡುವೆ ಹಳೆಯ ಟವಲಿನ ತುಂಡೊಂದನ್ನು ಸೇರಿಸಿ ಅಂಚು ಹೊಲಿದರೆ, ನೂರು ನೂರೈವತ್ತು ಮಿಲಿಲೀಟರನ್ನು ತಡೆಯುವ ಪ್ಯಾಡಾಗುತ್ತದೆ. ಅದನ್ನು ಬಿಗಿಯಾದ ಹತ್ತಿಯ ಒಳಚಡ್ಡಿಯೊಳಗೆ ಇಟ್ಟು, ಗಡಿಯಾರದ ಕ್ರಮವನ್ನೂ ಇಟ್ಟುಕೊಂಡರೆ ಹಗಲು ಸಾಗುತ್ತದೆ. ಹದಿನೈದು ಪ್ಯಾಡುಗಳಿದ್ದರೆ ಮಳೆಗಾಲದಲ್ಲಿಯೂ ಕೊರತೆಯಾಗದು. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆಗಳನ್ನು ಪದರಪದರವಾಗಿ ಹೊಲಿಯುವ ಕೌದಿಯಿದೆಯಷ್ಟೆ. ಅದೇ ಹೊಲಿಗೆಯಲ್ಲಿ ಎರಡು ಮೊಳ ಉದ್ದದ ಸಣ್ಣ ಕೌದಿಗಳನ್ನು ಮಾಡಿಸಿಕೊಂಡರೆ, ಸೊಂಟದ ಕೆಳಗೆ ಹಾಸಲು ಅಂಗಡಿಯ ಅಂಡರ್‌ಪ್ಯಾಡಿಗಿಂತ ಹಿತವಾದುದು, ವರ್ಷಗಟ್ಟಲೆ ಬಾಳುವುದು. ಸೀರೆ ನೂಲಿನದೇ ಆಗಿರಬೇಕು, ನೈಲಾನು ಪಾಲಿಯೆಸ್ಟರುಗಳು ಹೀರವು.

ಒಗೆಯುವುದರಲ್ಲಿಯೂ ಕ್ರಮವಿದೆ. ಒದ್ದೆಯಾದುದನ್ನು ಮುಚ್ಚಳದ ಬಕೆಟ್ಟಿನಲ್ಲಿಟ್ಟು, ಅದೇ ದಿನ ಮೊದಲು ತಣ್ಣೀರಿನಲ್ಲಿ ಎರಡು ಸಲ ಜಾಲಿಸಿ, ಆಮೇಲೆ ಸೋಪಿನ ಪುಡಿಯೊಡನೆ ಬಿಸಿನೀರು. ಮೃದುತ್ವಕ್ಕೆಂದು ಹಾಕುವ ಕಂಡೀಷನರು ನೂಲಿನ ಮೇಲೆ ಪದರ ಕಟ್ಟಿ ಹೀರುವ ಶಕ್ತಿಯನ್ನು ಕುಂದಿಸುವುದರಿಂದ ಬೇಡ. ಮೂತ್ರ ಹೀರಿದ ಬಟ್ಟೆಯ ಮೇಲೆ ಜಾಲಿಸದೆಯೇ ಬ್ಲೀಚಿಂಗ್ ಪುಡಿ ಸುರಿಯಬಾರದು. ಮೂತ್ರದ ಅಮೋನಿಯವೂ ಅದೂ ಸೇರಿ ವಿಷಯುಕ್ತ ಅನಿಲ ಏಳುತ್ತದೆ. ಕಕ್ಕಸು ತೊಳೆಯುವ ಆಮ್ಲದೊಡನೆ ಬ್ಲೀಚಿಂಗ್ ಪುಡಿಯನ್ನು ಬೆರೆಸುವುದು ಇನ್ನೂ ಅಪಾಯ. ಬಿಸಿಲಿನಷ್ಟು ಒಳ್ಳೆಯದು ಬೇರೊಂದಿಲ್ಲ. ಆಷಾಢ ಶ್ರಾವಣಗಳಲ್ಲಿ ಬಿಸಿಲು ಕಾಣದ ಮಲೆನಾಡಿನಲ್ಲಿ ಬಚ್ಚಲೊಲೆಯ ಮೇಲಿನ ಹಗ್ಗದಲ್ಲಿ ಒಣಗಿಸಿ, ಕಡೆಗೊಮ್ಮೆ ಇಸ್ತ್ರಿಪೆಟ್ಟಿಗೆಯನ್ನಾಡಿಸಬಹುದು. ಅರೆ ಒಣಗಿದುದನ್ನು ಮಾತ್ರ ತೊಡಿಸಕೂಡದು.

ಹಾಸಿಗೆಯನ್ನು ಕಾಪಾಡಲು ರಬ್ಬರ್ ಶೀಟು ಒಂದಿದ್ದರೆ ಸಾಲದು, ಎರಡು ಬೇಕು. ಹಾಸಿಗೆಯ ಮೇಲೆ ಮೊದಲು ಒಂದು ರಬ್ಬರ್ ಶೀಟು, ಅದರ ಮೇಲೊಂದು ನೂಲಿನ ಹಾಸುಬಟ್ಟೆ, ಅದರ ಮೇಲೆ ಮತ್ತೊಂದು ರಬ್ಬರ್ ಶೀಟು, ಅದರ ಮೇಲೆ ಮತ್ತೊಂದು ಹಾಸುಬಟ್ಟೆ, ಹೀಗೆ ಜೋಡಿಸಿಟ್ಟರೆ, ನಡುರಾತ್ರಿಯಲ್ಲಿ ಸೋರಿದಾಗ ಮೇಲಿನ ಎರಡು ಪದರಗಳನ್ನು ಸುರುಳಿ ಸುತ್ತಿ ಎಳೆದುಬಿಟ್ಟರಾಯಿತು, ಒಣಗಿದ ಹಾಸಿಗೆ ಕೆಳಗೇ ಸಿದ್ಧವಾಗಿರುತ್ತದೆ. ದಾದಿಯೊಬ್ಬರು ಇದನ್ನು ಹೇಳಿಕೊಟ್ಟ ರಾತ್ರಿಯಿಂದ ನಾವು ಮತ್ತೆ ನಿದ್ದೆ ಮಾಡುವಂತಾಯಿತು.

ಮಲಗಿರುವ ಗಂಡಸರಿಗೆ ಕಡಿಮೆ ಖರ್ಚಿನ ಸಾಧನವೆಂದರೆ ಮಂಚದ ಪಕ್ಕದ ಯೂರಿನ್ ಪಾಟು. ಒಮ್ಮೆ ಕೊಂಡರೆ ಮುಗಿಯಿತು. ರಾತ್ರಿಗೆ, ಮೂತ್ರವು ಕಟ್ಟಿಕೊಳ್ಳದೆ ಧಾರಾಳವಾಗಿ ಹೋಗುತ್ತಿರುವವರಿಗೆ ಮಾತ್ರ, ಕಾಂಡೋಮ್ ಕ್ಯಾತಿಟರನ್ನು ಯೂರೋಬ್ಯಾಗಿಗೆ ಜೋಡಿಸುವುದುಂಟು. ಅದರ ಅಳತೆಯನ್ನೂ ತೊಡಿಸುವ ಕ್ರಮವನ್ನೂ ದಾದಿಯರಿಂದ ಒಮ್ಮೆ ಕಣ್ಣೆದುರು ಕಲಿತಿರಬೇಕು. ಪ್ರತಿದಿನ ಬದಲಿಸಬೇಕು, ಚರ್ಮ ಕೆಂಪಾಗಿದೆಯೇ ಊದಿದೆಯೇ ಎಂದು ನೋಡಬೇಕು, ಬುಡಕ್ಕೆ ಸುತ್ತಲೂ ಬಿಗಿಯಾಗಿ ಪ್ಲಾಸ್ಟರು ಸುತ್ತಬಾರದು, ಚೀಲವು ಯಾವಾಗಲೂ ಸೊಂಟಕ್ಕಿಂತ ಕೆಳಗಿರಬೇಕು. ಒಳಕ್ಕೆ ಕೊಳವೆ ಹಾಕುವ ಕ್ಯಾತಿಟರನ್ನು ಡಯಾಪರಿನ ಹಣ ಉಳಿಸಲೆಂದು ಎಂದಿಗೂ ಕೇಳಿ ಹಾಕಿಸಿಕೊಳ್ಳಬಾರದು. ಅದು ಸೋಂಕಿಗೆ ಹೆದ್ದಾರಿ, ವೈದ್ಯರು ಬೇರೆ ಕಾರಣಕ್ಕೆ ಅಗತ್ಯವೆಂದರೆ ಮಾತ್ರ.

ಜಿಪುಣತನಕ್ಕೆ ಎಡೆಯೇ ಇಲ್ಲದ ಸ್ಥಳವೊಂದಿದೆ, ಅದು ಚರ್ಮ. ಮಲ ಸೋಕಿದ ಡಯಾಪರನ್ನು, ಹಾಕಿ ಹತ್ತು ನಿಮಿಷವಾಗಿದ್ದರೂ, ತಕ್ಷಣ ತೆಗೆಯಬೇಕು. ಮೂತ್ರದಲ್ಲಿ ನೆನೆದ ಚರ್ಮವು ಹಣ್ಣಾಗಿ, ಒತ್ತಡವೂ ಸೇರಿದರೆ ಬೆನ್ನಹುಣ್ಣಾಗುತ್ತದೆ. ಅದರ ಚಿಕಿತ್ಸೆಗೆ ತಗಲುವ ಹಣದಲ್ಲಿ ವರ್ಷದ ಡಯಾಪರುಗಳನ್ನು ಕೊಳ್ಳಬಹುದು. ಪ್ರತಿ ಸಲವೂ ಉಗುರುಬೆಚ್ಚಗಿನ ನೀರಿನಿಂದ, ಹೆಂಗಸರಲ್ಲಿ ಮುಂದಿನಿಂದ ಹಿಂದಕ್ಕೆ, ಮೃದುವಾದ ಬಟ್ಟೆಯಿಂದ ತೊಳೆದು, ಉಜ್ಜದೆ ಒತ್ತಿ ಒರಸಿ, ಐದು ಹತ್ತು ನಿಮಿಷ ಗಾಳಿಗೆ ಬಿಟ್ಟು, ಝಿಂಕ್ ಆಕ್ಸೈಡಿನ ಮುಲಾಮನ್ನು ತೆಳ್ಳಗೆ ಸವರಬೇಕು. ದಪ್ಪವಾಗಿ ಬಳಿದರೆ ಅದು ಡಯಾಪರಿನ ಮೈಗೆ ಮೆತ್ತಿಕೊಂಡು ಹೀರುವುದನ್ನೇ ತಡೆಯುತ್ತದೆ. ಟಾಲ್ಕಮ್ ಪೌಡರು ಒದ್ದೆಯಲ್ಲಿ ಉಂಡೆಗಟ್ಟಿ ಸಂದುಗಳಲ್ಲಿ ತರಚುವುದರಿಂದ ಅದನ್ನು ಬಿಟ್ಟುಬಿಡುವುದು ಲೇಸು. ದುಬಾರಿ ಒದ್ದೆ ಕಾಗದಗಳಿಗೆ, ಎಂದರೆ ವೈಪ್ಸಿಗೆ, ಪ್ರಯಾಣದ ಹೊರತು ಹಣ ತೆರಬೇಕಾದುದಿಲ್ಲ. ಎದ್ದು ಕೂರಲಾರದವರನ್ನು ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವಾಗಲೇ ಮುಟ್ಟಿ ನೋಡಿದರೆ, ಎರಡು ಕೆಲಸವೂ ಒಟ್ಟಿಗೆ ಆಗುತ್ತದೆ. ಕೆಂಪು ಗುರುತು ಬೆರಳಿನಿಂದ ಒತ್ತಿದರೂ ಬೆಳ್ಳಗಾಗದಿದ್ದರೆ, ಸಂದಿನಲ್ಲಿ ಚುಕ್ಕಿ ಚುಕ್ಕಿಯಾಗಿ ಹರಡುವ ತುರಿ ಕಂಡರೆ, ವೈದ್ಯರಿಗೆ ತೋರಿಸಬೇಕು.

ಬಳಸಿದ ಡಯಾಪರನ್ನು ಏನು ಮಾಡುವುದೆಂಬುದೂ ನಮ್ಮ ಹೊಣೆಯೇ. ಮಲವನ್ನು ಮೊದಲು ಶೌಚಾಲಯಕ್ಕೆ ಹಾಕಿ, ಡಯಾಪರನ್ನು ಒಳಮುಖವಾಗಿ ಸುರುಳಿ ಸುತ್ತಿ ಅದರ ಅಂಟುಪಟ್ಟಿಯಿಂದಲೇ ಬಿಗಿದು, ವೃತ್ತಪತ್ರಿಕೆಯಲ್ಲಿ ಸುತ್ತಿ, ಮೇಲೆ ಕೆಂಪು ಶಾಯಿಯಿಂದ ಗುರುತು ಹಾಕಿ, ಹಸಿಕಸಕ್ಕೂ ಒಣಕಸಕ್ಕೂ ಬೆರೆಸದೆ ಬೇರೆಯಾಗಿ ಕೊಡಬೇಕು. ಆ ಕಸವನ್ನು ಕೈಯಿಂದ ಬೇರ್ಪಡಿಸುವ ಪೌರಕಾರ್ಮಿಕರೂ ನಮ್ಮ ಹಾಗೆಯೇ ಮನುಷ್ಯರು. ಹಳ್ಳಿಗಳಲ್ಲಿ ಪಂಚಾಯತಿಯ ಸ್ವಚ್ಛವಾಹಿನಿ ಬರುವ ದಿನದವರೆಗೆ ಮುಚ್ಚಳದ ಡಬ್ಬದಲ್ಲಿಡಬಹುದು. ಸುಡುವುದು ಬೇಡ, ಒಳಗಿರುವುದು ಪ್ಲಾಸ್ಟಿಕ್ಕು. ಚರಂಡಿಗೆ ಕೆರೆಗೆ ಎಸೆಯುವುದಂತೂ ಕೂಡದು.

ಈ ಕ್ರಮವೆಲ್ಲ ಕೂಡಿಬಂದ ಮೇಲೆ ನಮ್ಮ ತಿಂಗಳ ಲೆಕ್ಕ ಹೀಗಾಯಿತು: ರಾತ್ರಿಗೆ 52 ರೂಪಾಯಿಯದು ಒಂದೊಂದರಂತೆ 1,560, ಆಸ್ಪತ್ರೆಗೆ ಹೋಗುವ, ಹೊಟ್ಟೆ ಕೆಟ್ಟ, ನೆಂಟರು ಬಂದ ದಿನಗಳಿಗೆಂದು 40ರದು ಹತ್ತು, 400, ಸೋಪು ಮುಲಾಮುಗಳಿಗೆ 250. ಒಟ್ಟು 2,210. ಮೊದಲಿನ ಅರ್ಧಕ್ಕಿಂತ ಕಡಿಮೆ, ತಾಯಿಯವರ ಚರ್ಮವೂ ಮೊದಲಿಗಿಂತ ಆರೋಗ್ಯವಾಗಿತ್ತು. ಅಷ್ಟನ್ನೂ ಹೊಂದಿಸಲಾಗದ ಮನೆಗಳಿವೆ. ಅಂಥವರು ವೃದ್ಧರ ರಾಷ್ಟ್ರೀಯ ಸಹಾಯವಾಣಿ 14567ಕ್ಕೆ ಕರೆಮಾಡಿ ತಮ್ಮ ಜಿಲ್ಲೆಯಲ್ಲಿ ಯಾವ ನೆರವು ಇದೆಯೆಂದು ಕೇಳಬಹುದು. ಬಡ ವೃದ್ಧರಿಗೆ ಸಾಧನಗಳನ್ನು ಕೊಡಲೆಂದು ಕೇಂದ್ರ ಸರ್ಕಾರವು 2017ರಲ್ಲಿ ತೊಡಗಿಸಿದ ರಾಷ್ಟ್ರೀಯ ವಯೋಶ್ರೀ ಯೋಜನೆಯ ಶಿಬಿರಗಳು ಎಲ್ಲಿ ಯಾವಾಗ ನಡೆಯುತ್ತವೆಂದು ಜಿಲ್ಲೆಯ ಹಿರಿಯ ನಾಗರಿಕರ ಇಲಾಖೆಯಲ್ಲಿ ವಿಚಾರಿಸಬಹುದು.

ಇನ್ನೊಂದು ಮೂಲವೂ ಉಂಟು, ಅದನ್ನು ಕೇಳಲು ನಾವು ಸಂಕೋಚಪಡುತ್ತೇವೆ. ವೃದ್ಧರೊಬ್ಬರು ತೀರಿಕೊಂಡ ಮನೆಯಲ್ಲಿ ತೆರೆಯದ ಪೊಟ್ಟಣಗಳು, ರಬ್ಬರ್ ಶೀಟು, ಕಮೋಡ್ ಕುರ್ಚಿ ಉಳಿದಿರುತ್ತವೆ. ಅಂಗಡಿಯವರು ಮರಳಿ ಕೊಳ್ಳುವುದಿಲ್ಲ, ಎಸೆಯಲು ಮನಸ್ಸು ಬಾರದು. ನಮ್ಮ ಕುರ್ಚಿ ಬಂದದ್ದು ಹಾಗೆಯೇ, ನಮ್ಮ ವೈದ್ಯರ ಕಾಂಪೌಂಡರು ಹೇಳಿ ಕಳಿಸಿದ ಒಂದು ಮನೆಯಿಂದ. ತಾಯಿಯವರು ಹೋದ ಇಪ್ಪತ್ತು ದಿನಗಳ ಮೇಲೆ ನಾನು ಅದನ್ನು ಸೋಪುನೀರಿನಲ್ಲಿ ಉಜ್ಜಿ, ಬಿಸಿಲಿಗಿಟ್ಟು, ಸಡಿಲವಾಗಿದ್ದ ಒಂದು ಕಾಲಿನ ಸ್ಕ್ರೂ ಬಿಗಿಮಾಡಿ, ಉಳಿದ ಹದಿನಾಲ್ಕು ಡಯಾಪರುಗಳನ್ನೂ ತಂದೆಯವರ ಪಂಚೆಯ ಪ್ಯಾಡುಗಳಲ್ಲಿ ಗಟ್ಟಿಯಾಗಿದ್ದ ಒಂಬತ್ತನ್ನೂ ಚೀಲದಲ್ಲಿ ಹಾಕಿ ಅದೇ ಕಾಂಪೌಂಡರಿಗೆ ತಿಳಿಸಿದೆ. ಸಂಜೆ ಎರಡು ಬೀದಿಯಾಚೆಯಿಂದ ಒಬ್ಬಾಕೆ ಆಟೋದಲ್ಲಿ ಬಂದು ಒಯ್ದರು. ಬಾಗಿಲಲ್ಲಿ ನಿಂತು, ಅವರ ಮಾವನವರ ಸೊಂಟದ ಅಳತೆ ಎಷ್ಟೆಂದು ಕೇಳಿದೆ, ಅಳೆದಿಲ್ಲವೆಂದರು. ಒಳಗೆ ಹೋಗಿ ಟೇಪನ್ನೂ ತಂದು ಕೊಟ್ಟೆ.